ಹಾವೆಲ್ ಮತ್ತು ಟಾರ್ಪಿಡೋ ನಂ. 24

ಗೈರೋಸ್ಕೋಪ್ ಅಂದ ಕೂಡಲೇ ಮೆಕ್ಯಾನಿಕಲ್ ಗೆಳೆಯರಿಗೆ ನೆನಪಾಗೋದು ಡೈನಾಮಿಕ್ಸ್ ಆಫ್ ಮಷಿನ್ಸ್ ಪರೀಕ್ಷೆಯ ಲೆಕ್ಕ. ಅದೇ ತತ್ವವನ್ನು ನೀರಿನೊಳಗೆ ಓಡಿಸಿ ತೋರಿಸಿದ ನೌಕಾಧಿಕಾರಿ ಜಾನ್ ಆಡಮ್ಸ್ ಹಾವೆಲ್. ಈ ಸಲ ನಾವು ಪರಿಚಯಿಸುತ್ತಿರೋದು ಅವರನ್ನೇ.

ಹಾವೆಲ್ ಹುಟ್ಟಿದ್ದು 1840ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಾತ್ ಎಂಬ ಊರಿನಲ್ಲಿ. 1858ರಲ್ಲಿ ನೌಕಾ ಅಕಾಡೆಮಿಯ ಓದು ಮುಗಿಸಿದರು. ಅಂತರ್ಯುದ್ಧದ ವೇಳೆ, 1864ರ ಮೊಬೈಲ್ ಕೊಲ್ಲಿ ಕದನದಲ್ಲಿ ಒಸಿಪಿ ಹಡಗಿನಲ್ಲಿದ್ದರು. ಆ ಕದನದಲ್ಲಿ ಟೆಕುಮ್ಸೆ ಎಂಬ ಕಬ್ಬಿಣದ ಕವಚದ ಹಡಗು ಟಾರ್ಪಿಡೋ ತಾಗಿ ನಿಮಿಷಗಳಲ್ಲಿ ಮುಳುಗಿತು. ಆಗ ಟಾರ್ಪಿಡೋ ಅಂದರೆ ನೀರಲ್ಲಿ ಕಟ್ಟಿಟ್ಟ ಸ್ಫೋಟಕ. ಈಗ ನಾವದನ್ನು ಮೈನ್ ಅಂತೀವಿ.

ತಾನಾಗಿಯೇ ಓಡುವ ಟಾರ್ಪಿಡೋವನ್ನು ರಾಬರ್ಟ್ ವೈಟ್‌ಹೆಡ್ 1866ರಲ್ಲಿ ತಯಾರಿಸಿದರು. ಅದು ಒತ್ತಿದ ಗಾಳಿಯಿಂದ ಓಡುತ್ತಿತ್ತು. ಹಿಂದೆ ಗುಳ್ಳೆಗಳ ಸಾಲು ಕಾಣುತ್ತಿತ್ತು, ದಾರಿಯೂ ತಪ್ಪುತ್ತಿತ್ತು. 1870ರಿಂದ ಹಾವೆಲ್ ಬೇರೆ ದಾರಿ ಹಿಡಿದರು. ಸುಮಾರು 60 ಕೆ.ಜಿ. ತೂಕದ ಫ್ಲೈವೀಲ್ ಅನ್ನು ಹಡಗಿನಲ್ಲೇ ಸ್ಟೀಮ್ ಟರ್ಬೈನ್‌ನಿಂದ ನಿಮಿಷಕ್ಕೆ 10,000 ಸುತ್ತು ತಿರುಗಿಸಿ, ಆಮೇಲೆ ಟಾರ್ಪಿಡೋ ಬಿಡೋದು. ಇಂಧನ ಇಲ್ಲ, ಗಾಳಿ ಇಲ್ಲ, ಗುಳ್ಳೆಯೂ ಇಲ್ಲ. ಚಕ್ರದ ವೇಗ ಇಳಿದಂತೆ ಪ್ರೊಪೆಲ್ಲರ್ ರೆಕ್ಕೆಗಳ ಪಿಚ್ ಹೆಚ್ಚಾಗಿ ಓಟ ಕಾಯ್ದುಕೊಳ್ಳುತ್ತಿತ್ತು.

ಇನ್ನೂ ಜಾಣತನದ ಭಾಗ ದಿಕ್ಕಿನದು. ಪಕ್ಕದಿಂದ ಏನಾದರೂ ತಳ್ಳಿದರೆ ಟಾರ್ಪಿಡೋ ತಿರುಗೋ ಬದಲು ಪ್ರಿಸೆಶನ್‌ನಿಂದ ಮಗ್ಗುಲಿಗೆ ವಾಲುತ್ತಿತ್ತು. ಒಳಗಿನ ಲೋಲಕ ಆ ವಾಲನ್ನು ಗುರುತಿಸಿ ಚುಕ್ಕಾಣಿ ಆಡಿಸಿ ಸರಿಪಡಿಸುತ್ತಿತ್ತು. ಉದ್ದ 11 ಅಡಿ, ವೇಗ 25 ನಾಟ್, ವ್ಯಾಪ್ತಿ 400 ಗಜ.

ಆದರೆ ತಯಾರಾದದ್ದು 50 ಮಾತ್ರ. ವೈಟ್‌ಹೆಡ್ ಟಾರ್ಪಿಡೋ ದೂರ ಹೋಗುತ್ತಿತ್ತು. 1890ರ ದಶಕದಲ್ಲಿ ಅದಕ್ಕೂ ಗೈರೋಸ್ಕೋಪ್ ಬಂದ ಮೇಲೆ ಹಾವೆಲ್ ಯಂತ್ರದ ದೊಡ್ಡ ಅನುಕೂಲವೇ ಹೋಯಿತು. ಹಾವೆಲ್ 1902ರಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾಗಿ, 1918ರಲ್ಲಿ ತೀರಿಕೊಂಡರು. ಅವರ ಟಾರ್ಪಿಡೋಗಳಲ್ಲಿ ಉಳಿದಿದೆ ಅಂತ ಗೊತ್ತಿದ್ದದ್ದು ಒಂದೇ, ವಾಷಿಂಗ್ಟನ್ ರಾಜ್ಯದ ಕೀಪೋರ್ಟ್ ಮ್ಯೂಸಿಯಂನಲ್ಲಿ.

2013ರಲ್ಲಿ ಸ್ಯಾನ್ ಡಿಯಾಗೋ ಬಳಿ ಅಮೆರಿಕ ನೌಕಾಪಡೆ ಡಾಲ್ಫಿನ್‌ಗಳಿಗೆ ಮೈನ್ ಹುಡುಕೋ ತರಬೇತಿ ಕೊಡುತ್ತಿತ್ತು. ಏನೂ ಇಟ್ಟಿರದ ಜಾಗದಲ್ಲಿ ಡಾಲ್ಫಿನ್ ಏನೋ ಇದೆ ಅಂತ ಸೂಚಿಸಿತು. ಮುಳುಗುಗಾರರು ಇಳಿದು ನೋಡಿದರೆ ಹಿತ್ತಾಳೆ ಕೊಳವೆಯ ಎರಡು ತುಂಡು, ಟಾರ್ಪಿಡೋದ ನಡುಭಾಗ ಮತ್ತು ಬಾಲ. ಮೊದಲಿಗೆ ಏನಂತ ಯಾರಿಗೂ ತಿಳೀಲಿಲ್ಲ. ತೊಳೆದು ನೋಡಿದಾಗ ನೌಕಾಪಡೆಯ ಗುರುತಿನ ಜೊತೆ ನಂ. 24 ಎಂಬ ಅಚ್ಚು ಕಂಡಿತು. ಹಳೆ ದಾಖಲೆಗೆ ತಾಳೆ ಹಾಕಿದಾಗ, ಅಯೋವಾ ಯುದ್ಧನೌಕೆ 1899ರ ಅಭ್ಯಾಸದಲ್ಲಿ ಕಳೆದುಕೊಂಡದ್ದು ಇದೇ ಅಂತ ಖಚಿತವಾಯಿತು. ತುಕ್ಕು ಹಿಡಿಯುವ ಉಕ್ಕಿನಲ್ಲಿ ಕೊರೆದಿದ್ದರೆ ನೂರು ವರ್ಷ ಉಪ್ಪುನೀರಲ್ಲಿ ಆ ಅಂಕಿ ಉಳಿಯೋದು ಕಷ್ಟವಿತ್ತು.

ಸೋತ ವಿನ್ಯಾಸ ಅಂತ ಹಾವೆಲ್ ಅವರನ್ನು ಮರೆಯೋದು ಸುಲಭ. ಆದರೆ ತಿರುಗುವ ಚಕ್ರ ದಿಕ್ಕು ಕಾಯುತ್ತದೆ ಅನ್ನೋದನ್ನು ಅವರು ಕಾಗದದ ಮೇಲಲ್ಲ, ಸಮುದ್ರದಲ್ಲೇ ಸಾಬೀತು ಮಾಡಿದ್ದರು. ಮುಂದಿನ ಸಲ ಪ್ರಿಸೆಶನ್ ಲೆಕ್ಕ ಬಿಡಿಸುವಾಗ ನಂ. 24 ನೆನಪಿರಲಿ.