ತಟ್ಟೆಯ ದನಿಯಿಂದ ತನ್ನ ದನಿಯವರೆಗೆ

ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಕುಳಿತವರು ಇಂದು ಸ್ಪೇನ್ ದೇಶದ ಫ್ಲಮೆಂಕೊವನ್ನೋ ಅರ್ಜೆಂಟೀನಾದ ಟ್ಯಾಂಗೊವನ್ನೋ ಮೊಬೈಲಿನಲ್ಲಿ ಕೇಳಬಹುದು. ಹಾಡಿನ ಒಂದು ಶಬ್ದವೂ ತಿಳಿಯದು. ಹಾಡಿದವರ ಊರನ್ನು ಕಂಡಿಲ್ಲ. ಆದರೂ ಆ ದನಿ ಕೇಳುಗನನ್ನು ಹಿಡಿದು ನಿಲ್ಲಿಸುತ್ತದೆ. ಈ ವಿಸ್ಮಯ ನಾವು ಭಾವಿಸಿದಷ್ಟು ಹೊಸದಲ್ಲ. ಸುಮಾರು ಒಂಬತ್ತು ದಶಕಗಳ ಹಿಂದೆ ಬೆಳಗಾವಿ ಸೀಮೆಯ ಕನ್ನಡ ಹುಡುಗನೊಬ್ಬ ಗ್ರಾಮಫೋನಿನ ಮುಂದೆ ಕುಳಿತು ಇದೇ ವಿಸ್ಮಯಕ್ಕೆ ಒಳಗಾಗಿದ್ದ. ಮುಂದೆ ಕುಮಾರ ಗಂಧರ್ವ ಎಂದು ಜಗತ್ತು ಕರೆದದ್ದು ಅವನನ್ನೇ.

ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ 1924ರ ಏಪ್ರಿಲ್ 8ರಂದು ಸುಳೇಭಾವಿಯಲ್ಲಿ ಜನಿಸಿದರು. ತಂದೆಗೆ ಸಂಗೀತದ ಹುಚ್ಚು. ಭಾರತದಲ್ಲಿ ಧ್ವನಿಮುದ್ರಣ ಆರಂಭವಾಗಿ ಆಗ ಹೆಚ್ಚು ಕಾಲ ಕಳೆದಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಗ್ರಾಮಫೋನ್ ಕಂಪನಿ ಮುದ್ರಿಸಿಕೊಂಡ ಮೇಲೆ, ದರ್ಬಾರಿನ ಮತ್ತು ಕೋಠಿಯ ಸಂಗೀತ ಅರಗಿನ ತಟ್ಟೆಗಳಲ್ಲಿ ಪೇಟೆ, ಹಳ್ಳಿಗಳನ್ನು ತಲುಪತೊಡಗಿತ್ತು. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡಿದವರಿಗಷ್ಟೇ ದಕ್ಕುತ್ತಿದ್ದ ವಿದ್ಯೆ ಈಗ ಮೂರು ಮೂರೂವರೆ ನಿಮಿಷಗಳ ತುಣುಕಾಗಿ ಯಾರ ಕಿವಿಗಾದರೂ ಬೀಳುವಂತಾಯಿತು.

ಬಾಲಕ ಶಿವಪುತ್ರ ಈ ತುಣುಕುಗಳನ್ನು ಅಕ್ಷರಶಃ ನುಂಗಿದ. ಅಬ್ದುಲ್ ಕರೀಂ ಖಾನ್, ಸವಾಯಿ ಗಂಧರ್ವರಂಥ ದಿಗ್ಗಜರ ಹಾಡುಗಾರಿಕೆಯನ್ನು ತಾನು ಮುಟ್ಟದ, ಆಟಿಕೆಯಂತೆ ತೋರುವ ಸಲೀಸಿನಿಂದ ಹಾಡಿ ತೋರಿಸುತ್ತಿದ್ದ. ಸ್ವರ, ಮುರ್ಕಿ, ತಾನುಗಳಷ್ಟೇ ಅಲ್ಲ, ಗಾಯಕ ಉಸಿರೆಳೆದುಕೊಳ್ಳುವ ಜಾಗವೂ ಅವನ ಕಂಠದಲ್ಲಿ ಹಾಗೆಯೇ ಇಳಿಯುತ್ತಿತ್ತು. ಮನೆಮಾತು ಕನ್ನಡ, ಹಾಡುತ್ತಿದ್ದ ಬಂದಿಶ್‌ಗಳ ಭಾಷೆ ದೂರದ ಬ್ರಜ. ಅರ್ಥಕ್ಕೆ ಮೊದಲು ನಾದವೇ ಅವನನ್ನು ಸೆಳೆದಿತ್ತು. ಅವನ ಪ್ರತಿಭೆಗೆ ಬೆರಗಾದ ಮಠಾಧೀಶರೊಬ್ಬರು ಕುಮಾರ ಗಂಧರ್ವ ಎಂಬ ಬಿರುದಿತ್ತರು. ಹುಟ್ಟುಹೆಸರನ್ನು ಆ ಬಿರುದು ಮರೆಸಿಬಿಟ್ಟಿತು.

1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ಹಾಡಿದಾಗ ಅವನಿಗೆ ಹನ್ನೊಂದು ವರ್ಷ. ಅಲ್ಲಿ ನೆರೆದಿದ್ದ ಉಸ್ತಾದರೂ ಪಂಡಿತರೂ ತಲೆದೂಗಿದರು. ಅದೇ ವರ್ಷ ಜೂನ್ 24ರಂದು ಕೊಲಂಬಿಯಾದ ಮೆಡೆಲಿನ್‌ನಲ್ಲಿ ವಿಮಾನ ದುರಂತವೊಂದು ಟ್ಯಾಂಗೊದ ಮಹಾಗಾಯಕ ಕಾರ್ಲೋಸ್ ಗಾರ್ದೆಲ್‌ನನ್ನು ಬಲಿ ತೆಗೆದುಕೊಂಡಿತು. ಬ್ಯುನೊಸ್ ಐರಿಸ್‌ನ ಬಡ ಬೀದಿಗಳಲ್ಲಿ ಬೆಳೆದ ಹಾಡನ್ನು ಪ್ಯಾರಿಸ್, ನ್ಯೂಯಾರ್ಕ್‌ಗಳವರೆಗೆ ಒಯ್ದದ್ದು ಆತನ ಧ್ವನಿಮುದ್ರಿಕೆಗಳೇ. ಸ್ಪೇನಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಮಾರುಕಟ್ಟೆಯ ರುಚಿಗೆ ಒಗ್ಗಿ ಫ್ಲಮೆಂಕೊದ ಮೂಲ ಗಾಯನ ಕಳೆಗುಂದುತ್ತಿದೆಯೆಂಬ ಆತಂಕದಿಂದ ಸಂಗೀತಕಾರ ಮಾನ್ವೆಲ್ ದೆ ಫಾಯಾ ಮತ್ತು ಕವಿ ಲೋರ್ಕಾ 1922ರಲ್ಲಿ ಗ್ರನಾಡಾದಲ್ಲಿ ಸ್ಪರ್ಧೆ ಏರ್ಪಡಿಸಿದ್ದರು. ಅಲ್ಲಿ ಬಹುಮಾನ ಪಡೆದವರಲ್ಲಿ ಮಾನೊಲೊ ಕರಕೋಲ್ ಎಂಬ ಎಳೆಯ ಹುಡುಗನೂ ಇದ್ದ. ತಟ್ಟೆ ಸಂಗೀತವನ್ನು ಹಂಚುತ್ತದೆ ನಿಜ. ಅದೇ ಅದನ್ನು ಅಚ್ಚಿಗೂ ಹಾಕುತ್ತದೆಯೇ? ಕುಮಾರನ ಬದುಕಿನ ಮುಂದೆ ನಿಂತ ಪ್ರಶ್ನೆಯೂ ಇದೇ.

ಉತ್ತರದ ಮೊದಲ ಹೆಜ್ಜೆ ಮುಂಬಯಿಯಲ್ಲಿ ದೊರೆಯಿತು. 1936ರ ಹೊತ್ತಿಗೆ ಅವರು ಪ್ರೊ. ಬಿ. ಆರ್. ದೇವಧರರ ಶಿಷ್ಯರಾದರು. ವಿಷ್ಣು ದಿಗಂಬರ ಪಲುಸ್ಕರರ ಪರಂಪರೆಯಿಂದ ಬಂದ ದೇವಧರರು ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದ್ದವರು. ಒಂದೇ ಘರಾಣೆಯ ಬೇಲಿಯೊಳಗೆ ಶಿಷ್ಯನನ್ನು ಕಟ್ಟಿಹಾಕಿದವರಲ್ಲ. ಅಲ್ಲಿ ಕುಮಾರರು ಪರರ ಸ್ವರವನ್ನು ಒಪ್ಪಿಸುವುದನ್ನು ಬಿಟ್ಟು, ಆ ಸ್ವರ ಹಾಗೇಕೆ ಬಂತೆಂದು ಕೇಳಿಕೊಳ್ಳುವುದನ್ನು ಕಲಿತರು. ಇಪ್ಪತ್ತರ ಹರೆಯದಲ್ಲೇ ಬೇಡಿಕೆಯ ಗಾಯಕರಾದರು. 1947ರಲ್ಲಿ ಭಾನುಮತಿಯವರೊಂದಿಗೆ ವಿವಾಹವಾಯಿತು.

ಅಷ್ಟರಲ್ಲೇ ಕ್ಷಯರೋಗ ಎರಗಿತು. ಒಣ ಹವೆಯನ್ನು ಅರಸಿ 1948ರ ಜನವರಿಯಲ್ಲಿ ದಂಪತಿ ಮಾಳವದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರು ವಿಧಿಸಿದರು. ಕಂಠವೇ ಸರ್ವಸ್ವವಾಗಿದ್ದವರಿಗೆ ಇದಕ್ಕಿಂತ ಕಠಿಣ ಶಿಕ್ಷೆ ಬೇರೆ ಇರಲಾರದು. ಭಾನುಮತಿಯವರು ದುಡಿದು ಮನೆ ನಡೆಸಿದರು, ಶುಶ್ರೂಷೆ ಮಾಡಿದರು. ಆಗಷ್ಟೇ ಲಭ್ಯವಾಗತೊಡಗಿದ್ದ ಸ್ಟ್ರೆಪ್ಟೊಮೈಸಿನ್ ಜೀವ ಉಳಿಸಿತು. ಆದರೆ ಒಂದು ಶ್ವಾಸಕೋಶ ಬಹುಮಟ್ಟಿಗೆ ನಿರುಪಯುಕ್ತವಾಯಿತು.

ಹಾಸಿಗೆಯ ಮೇಲಿನ ಆ ವರ್ಷಗಳಲ್ಲಿ ಕುಮಾರರು ಮತ್ತೆ ಕೇಳುಗರಾದರು. ಈ ಬಾರಿ ಕಿವಿಗೆ ಬಿದ್ದದ್ದು ತಟ್ಟೆಯ ದನಿಯಲ್ಲ. ಮಾಳವದ ಹೆಂಗಸರ ಹಬ್ಬದ ಹಾಡು, ಮದುವೆಯ ಹಾಡು, ಅಲೆಮಾರಿ ನಾಥಪಂಥಿಗಳ ನಿರ್ಗುಣ ಪದ. ಲೋಕಧುನ್‌ಗಳ ನಾಲ್ಕೈದು ಸ್ವರಗಳಲ್ಲೇ ರಾಗಗಳ ಬೇರು ಅಡಗಿರುವುದನ್ನು ಅವರು ಗುರುತಿಸಿದರು.

1950ರ ದಶಕದ ಮೊದಲ ವರ್ಷಗಳಲ್ಲಿ ವೇದಿಕೆಗೆ ಮರಳಿದ ಗಾಯಕ ಬೇರೆಯೇ ಆಗಿದ್ದರು. ದೀರ್ಘ ಉಸಿರು ಸಾಧ್ಯವಿರಲಿಲ್ಲ. ಚಿಕ್ಕ ಚಿಕ್ಕ ಸ್ವರಗುಚ್ಛಗಳು, ನಡುವೆ ತುಂಬಿದ ಮೌನ, ಥಟ್ಟನೆ ಚಿಮ್ಮುವ ತಾರಸ್ವರ: ಕೊರತೆಯೇ ಶೈಲಿಯಾಯಿತು. ಲೋಕಧುನ್‌ಗಳಿಂದ ಹೊಸ ರಾಗಗಳನ್ನು ಕಟ್ಟಿದರು. ತಮ್ಮ ರಚನೆಗಳ ಸಂಗ್ರಹ ಅನೂಪರಾಗವಿಲಾಸವನ್ನು 1965ರಲ್ಲಿ ಪ್ರಕಟಿಸಿದರು. ಗಾಂಧೀಜಿಯ ಸ್ಮರಣೆಗೆ ಗಾಂಧಿ ಮಲ್ಹಾರ ರಚಿಸಿದರು. ಘರಾಣೆಯ ಶಿಸ್ತನ್ನು ಮುರಿದರೆಂದು ಸಂಪ್ರದಾಯಸ್ಥರು ಸಿಡಿಮಿಡಿಗೊಂಡರು. ಆ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ವಿಲಂಬಿತದ ಸಾವಧಾನದ ಬಢತ್ ಬಯಸಿದವರಿಗೆ ಅವರ ಗಾಯನ ತೃಪ್ತಿ ಕೊಡದಿದ್ದುದುಂಟು. ಕಬೀರನ ಪದಗಳನ್ನು ಅವರಿಂದ ಕೇಳಿದವರು ಮಾತ್ರ ಅದನ್ನು ಮರೆತಿಲ್ಲ.

1961ರಲ್ಲಿ ಭಾನುಮತಿಯವರು ತೀರಿಕೊಂಡರು. ಅನಂತರ ಬಾಳಸಂಗಾತಿಯಾದ ವಸುಂಧರಾ ವೇದಿಕೆಯಲ್ಲೂ ಜೊತೆಯಾದರು. 1990ರಲ್ಲಿ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ದೇವಾಸದಲ್ಲೇ ಕುಮಾರರು ನಿಧನರಾದರು.

ಪ್ರೌಢ ವಯಸ್ಸಿನಲ್ಲಿ ಅವರು ಬಾಲಗಂಧರ್ವರ ರಂಗಗೀತೆಗಳ ಕಾರ್ಯಕ್ರಮವೊಂದನ್ನು ರೂಪಿಸಿದ್ದರು. ಅದರ ಮರಾಠಿ ಶೀರ್ಷಿಕೆಯ ಅರ್ಥ, ನನಗೆ ತಿಳಿದ ಬಾಲಗಂಧರ್ವ ಎಂದು. ಹಿರಿಯರನ್ನು ಹಾಗೆಹಾಗೆಯೇ ಒಪ್ಪಿಸುತ್ತಿದ್ದ ಬಾಲಕ ನಡೆದು ಬಂದ ದೂರವೆಲ್ಲ ಆ ನನಗೆ ಎಂಬ ಒಂದು ಪದದಲ್ಲಿದೆ.

ಇಂದು ಜಗತ್ತಿನ ಸಂಗೀತವೆಲ್ಲ ನಮ್ಮ ಬೆರಳ ತುದಿಯಲ್ಲಿದೆ. ನಮ್ಮ ಮಕ್ಕಳು ದೂರದರ್ಶನದ ಸ್ಪರ್ಧೆಗಳಲ್ಲಿ ಪ್ರಸಿದ್ಧರ ಹಾಡುಗಳನ್ನು ಉಸಿರು ಸಮೇತ ಅನುಕರಿಸುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಕುಮಾರ ಗಂಧರ್ವರೂ ಅಲ್ಲಿಂದಲೇ ಹೊರಟವರು. ಆದರೆ ಅವರು ಅಲ್ಲಿಯೇ ನಿಲ್ಲಲಿಲ್ಲ ಎಂಬುದನ್ನು ಆ ಮಕ್ಕಳಿಗೆ ಹೇಳುವ ಹೊಣೆ ಚಪ್ಪಾಳೆ ತಟ್ಟುವ ನಮ್ಮ ಮೇಲಿದೆ.