ಮರೆವನ್ನು ಬರೆದಿಟ್ಟ ಡಾಕ್ಟರ್

ನಮ್ಮಜ್ಜಿ ಸೂಪಾದವರು. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಆ ಊರು ಮುಳುಗಿತು, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು. ನಮಗೆಲ್ಲ ಸೂಪಾ ಅಂದರೆ 101 ಮೀಟರ್ ಎತ್ತರದ ಡ್ಯಾಮ್. ಅಜ್ಜಿಗೆ ಈಗ ಆ ಡ್ಯಾಮೇ ನೆನಪಿಲ್ಲ. ಸಂಜೆಯಾದರೆ ಸಾಕು, ಮನೆ ಬಾಗಿಲು ಹಾಕದೆ ಬಂದಿದ್ದೇನೆ, ಸೂಪಾಕ್ಕೆ ಹೋಗಬೇಕು ಅಂತ ಚೀಲ ಹಿಡಿದು ಹೊರಡುತ್ತಾರೆ. ಡಾಕ್ಟರ್ ಇದು ಆಲ್‌ಝೈಮರ್ ಅಂದರು. ಮನೆಗೆ ಬಂದ ನೆಂಟರೊಬ್ಬರು ಮಾತ್ರೆ ಎಲ್ಲ ಬಿಡಿ, ಅರಿಶಿನದ ಕ್ಯಾಪ್ಸೂಲ್ ಕೊಡಿ ಅಂದರು. ಏನು ಮಾಡೋದು ಅಂತ ಗೊತ್ತಾಗದೆ, ಮೊದಲು ಆ ಹೆಸರು ಯಾರದ್ದು ಅಂತ ಓದಲು ಕೂತೆ.

ಆಲೋಯಿಸ್ ಆಲ್‌ಝೈಮರ್ ಹುಟ್ಟಿದ್ದು 1864ರ ಜೂನ್ 14ರಂದು, ಜರ್ಮನಿಯ ಬವೇರಿಯಾದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ. 1887ರಲ್ಲಿ ಡಾಕ್ಟರ್ ಪದವಿ ಸಿಕ್ಕಿತು. ಅವರ ಪ್ರಬಂಧದ ವಿಷಯ ಕೇಳಿದರೆ ನಗು ಬರುತ್ತೆ: ಕಿವಿಯಲ್ಲಿ ಗುಗ್ಗೆ ಮಾಡುವ ಗ್ರಂಥಿಗಳು! ಮರುವರ್ಷ ಫ್ರಾಂಕ್‌ಫರ್ಟ್‌ನ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿದರು. ಅಲ್ಲಿ ಫ್ರಾನ್ಜ್ ನಿಸ್ಲ್ ಎಂಬ ಗೆಳೆಯ ಸಿಕ್ಕ. ಮಿದುಳಿನ ತೆಳು ಚೂರಿಗೆ ಬಣ್ಣ ಹಾಕಿ ನರಕೋಶಗಳನ್ನು ಎದ್ದು ಕಾಣುವಂತೆ ಮಾಡುವುದು ನಿಸ್ಲ್ ಕಂಡುಹಿಡಿದ ವಿಧಾನ. ಇಬ್ಬರೂ ಹಗಲು ರೋಗಿಗಳ ಜೊತೆ, ರಾತ್ರಿ ಮೈಕ್ರೋಸ್ಕೋಪಿನ ಜೊತೆ.

1901ರ ಫೆಬ್ರವರಿಯಲ್ಲಿ ಹೆಂಡತಿ ಸಿಸಿಲಿ ತೀರಿಕೊಂಡರು. ಮೂರು ಪುಟ್ಟ ಮಕ್ಕಳು. ಆಲ್‌ಝೈಮರ್ ಕೆಲಸದಲ್ಲೇ ಮುಳುಗಿದರು. ಅದೇ ವರ್ಷ ನವೆಂಬರಿನಲ್ಲಿ 51 ವರ್ಷದ ಆಗುಸ್ಟೆ ಡೇಟರ್ ಎಂಬ ಹೆಂಗಸು ಆಸ್ಪತ್ರೆಗೆ ಬಂದರು. ಗಂಡನ ಹೆಸರು ಕೇಳಿದರೆ ತನ್ನದೇ ಹೆಸರು ಹೇಳುತ್ತಿದ್ದರು. ಊಟಕ್ಕೆ ಹೂಕೋಸು ತಿನ್ನುತ್ತಾ ಪಾಲಕ್ ಅನ್ನುತ್ತಿದ್ದರು. ಹೆಸರು ಬರೆಯಿರಿ ಅಂದರೆ ಶ್ರೀಮತಿ ಅಂತ ಬರೆದು ಅಲ್ಲೇ ನಿಲ್ಲುತ್ತಿದ್ದರು, ಮುಂದಿನದು ಮರೆತು ಹೋಗಿರುತ್ತಿತ್ತು. ಹುಚ್ಚು ಅಂತ ಒಂದೇ ಪದ ಬರೆದು ಫೈಲ್ ಮುಚ್ಚಬಹುದಿತ್ತು. ಆದರೆ ಆಲ್‌ಝೈಮರ್ ದಿನದಿನವೂ ಪಕ್ಕ ಕೂತು, ಪ್ರಶ್ನೆ ಕೇಳಿ, ಉತ್ತರಗಳನ್ನು ಹಾಗೆಹಾಗೇ ಬರೆದುಕೊಂಡರು.

1903ರಲ್ಲಿ ಅವರು ಎಮಿಲ್ ಕ್ರೇಪಲಿನ್ ಅವರ ಜೊತೆ ಮ್ಯೂನಿಕ್‌ಗೆ ಹೋದರು. ಅಲ್ಲಿ ಮೊದಲ ವರ್ಷಗಳಲ್ಲಿ ಸಂಬಳವಿಲ್ಲದೆ ದುಡಿದರು. ವಿದ್ಯಾರ್ಥಿಗಳಿಗೆ ಅವರು ಅಚ್ಚುಮೆಚ್ಚು. ಒಬ್ಬೊಬ್ಬರ ಮೈಕ್ರೋಸ್ಕೋಪಿನ ಹತ್ತಿರ ಕೂತು ವಿವರಿಸುತ್ತಾ ಸಿಗಾರ್ ಮರೆತು ಹೋಗುತ್ತಿದ್ದರಂತೆ, ಸಂಜೆ ನೋಡಿದರೆ ಪ್ರತಿ ಮೇಜಿನ ಮೇಲೂ ಒಂದೊಂದು ತುಂಡು! ಆದರೆ ಆಗುಸ್ಟೆಯನ್ನು ಮರೆಯಲಿಲ್ಲ. ಆಕೆಯ ಸುದ್ದಿ ಕೇಳುತ್ತಲೇ ಇದ್ದರು. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಮಿದುಳನ್ನು ಮ್ಯೂನಿಕ್‌ಗೆ ತರಿಸಿದರು. ಬೆಳ್ಳಿಯ ಲವಣದಿಂದ ಬಣ್ಣ ಹಾಕಿ ನೋಡಿದರೆ, ನರಕೋಶಗಳ ಹೊರಗೆ ಕಲೆಗಳಂತೆ ಯಾವುದೋ ವಸ್ತು, ಒಳಗೆ ಗಂಟು ಬಿದ್ದ ಎಳೆಗಳು. ನವೆಂಬರ್ 3ರಂದು ಟ್ಯೂಬಿಂಗನ್‌ನ ಸಭೆಯಲ್ಲಿ ಇದನ್ನು ಹೇಳಿದರು. ಒಬ್ಬರೂ ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಕ್ರೇಪಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಆಲ್‌ಝೈಮರ್ ಹೆಸರಿಟ್ಟರು. 1912ರಲ್ಲಿ ಬ್ರೆಸ್ಲಾವ್‌ನಲ್ಲಿ ಪ್ರೊಫೆಸರ್ ಆದರು, ಆದರೆ ಆರೋಗ್ಯ ಕೆಟ್ಟಿತು. 1915ರ ಡಿಸೆಂಬರ್ 19ರಂದು ತೀರಿಕೊಂಡರು. ಆಗುಸ್ಟೆ ಆಸ್ಪತ್ರೆಗೆ ಬಂದಾಗ ಇದ್ದಷ್ಟೇ ವಯಸ್ಸು, 51.

ಆ ಕಲೆಗಳಲ್ಲಿ ಇರೋದು ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನ್ ಅಂತ ತಿಳಿದದ್ದು 1984ರಲ್ಲಿ. ನಮ್ಮ ಅರಿಶಿನ ಕಥೆಗೆ ಬರೋದು ಇಲ್ಲಿ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಒಂದು ಪಾಲಿಫಿನಾಲ್. ಲ್ಯಾಬಿನಲ್ಲಿ ಅದು ಹೋಗಿ ಆ ಕಲೆಗಳಿಗೇ ಅಂಟಿಕೊಂಡು ಹೊಳೆಯುತ್ತದೆ. ಇಲಿಗಳಲ್ಲಿ ಕಲೆಗಳು ಕಡಿಮೆಯಾದದ್ದೂ ಉಂಟು. ಅಂದರೆ ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ನಾವು ನುಂಗಿದ ಕರ್ಕ್ಯುಮಿನ್‌ನ ಹೆಚ್ಚಿನ ಪಾಲನ್ನು ಕರುಳು ಮತ್ತು ಪಿತ್ತಜನಕಾಂಗ ಬದಲಾಯಿಸಿ ಹೊರಹಾಕುತ್ತವೆ, ರಕ್ತಕ್ಕೆ ಸೇರೋದೇ ಬಹಳ ಕಡಿಮೆ. 2012ರಲ್ಲಿ ಪ್ರಕಟವಾದ 24 ವಾರಗಳ ಪ್ರಯೋಗವೊಂದರಲ್ಲಿ ರೋಗಿಗಳಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಸದ್ಯಕ್ಕೆ ಅರಿಶಿನ ನಿಸ್ಲ್‌ನ ಬಣ್ಣದ ಸಾಲಿಗೆ ಸೇರುತ್ತೆ, ಔಷಧಿಯ ಸಾಲಿಗೆ ಇನ್ನೂ ಇಲ್ಲ.

ಇದನ್ನು ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. ಮಾತ್ರೆ ನಿಲ್ಲಿಸಲಿಲ್ಲ, ಅರಿಶಿನ ಸಾರಿನಲ್ಲಿ ಎಂದಿನಂತೆ ಇದೆ.

ಆಗುಸ್ಟೆಯ ಫೈಲ್ 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮತ್ತೆ ಸಿಕ್ಕಿತು. ಅದನ್ನು ಓದಿದ ಮೇಲೆ ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ರಜೆಗೆ ಹೋದಾಗ ಅಜ್ಜಿ ಚೀಲ ಹಿಡಿದರೆ ಊರು ಮುಳುಗಿದೆ ಅಂತ ಈಗ ವಾದ ಮಾಡಲ್ಲ. ಸೂಪಾದ ಮನೆಗೆ ದಾರಿ ಯಾವುದು ಅಂತ ಕೇಳುತ್ತೇನೆ. ಪೇಟೆಯಿಂದ ಎಷ್ಟು ದೂರ, ಹೊಳೆ ಯಾವ ಕಡೆ, ಅಂಗಳದಲ್ಲಿ ಯಾವ ಮರ, ಎಲ್ಲ ತಪ್ಪದೆ ಹೇಳುತ್ತಾರೆ. ತಾರೀಕು ಹಾಕಿ ಬರೆದುಕೊಳ್ಳುತ್ತೇನೆ.