ಬಂದದ್ದು ಯಾವ ಪ್ರಾಣಿ? ಗುಂಡು ಹಾರಿಸುವ ಮೊದಲು ಜಿಮ್ ಕಾರ್ಬೆಟ್ ಕೇಳುತ್ತಿದ್ದ ಪ್ರಶ್ನೆ

ಊರ ಹತ್ತಿರ ಚಿರತೆ ಕಂಡಿದೆ ಎಂಬ ಸುದ್ದಿ ಬಂದರೆ ಸಾಕು, ಫೋನಿಗೆ ಫೋಟೋಗಳ ಮಳೆ. ಕೆಸರಿನಲ್ಲಿ ಮೂಡಿದ ಒಂದು ಹೆಜ್ಜೆ, ಅರ್ಧ ತಿಂದ ಕರು, ಎಲ್ಲಿಯದೋ ಹಳೆಯ ಸಿಸಿಟಿವಿ ವಿಡಿಯೋ. ಕೆಳಗೆ ಒಂದು ಸಾಲು: ನರಭಕ್ಷಕ ಬಂದಿದೆ, ಎಲ್ಲರಿಗೂ ಕಳುಹಿಸಿ.

ಆದರೆ ಬಂದದ್ದು ಯಾವ ಪ್ರಾಣಿ ಎಂದು ತಿಳಿಯುವುದು ಅಷ್ಟು ಸುಲಭವೇ? ನರಭಕ್ಷಕಗಳ ವಿಷಯದಲ್ಲಿ ಜಗತ್ತಿನ ಅತಿ ಪ್ರಸಿದ್ಧ ಹೆಸರಾದ ಜಿಮ್ ಕಾರ್ಬೆಟ್ ಅವರ ಬದುಕನ್ನು ನೋಡಿದರೆ, ಅವರಿಗೆ ಅತ್ಯಂತ ಕಷ್ಟವಾಗಿದ್ದು ಗುರಿ ಇಡುವುದಲ್ಲ. ಯಾವ ಪ್ರಾಣಿಗೆ ಗುರಿ ಇಡಬೇಕು ಎಂದು ಪತ್ತೆ ಮಾಡುವುದು.

ಕಾಡು ಕಲಿಸಿದ ಓದು

ಎಡ್ವರ್ಡ್ ಜೇಮ್ಸ್ ಕಾರ್ಬೆಟ್ ಹುಟ್ಟಿದ್ದು 1875ರ ಜುಲೈ 25ರಂದು, ನೈನಿತಾಲದಲ್ಲಿ. ತಂದೆ ಅಲ್ಲಿನ ಪೋಸ್ಟ್ ಮಾಸ್ಟರ್. ದೊಡ್ಡ ಕುಟುಂಬ. ಜಿಮ್‌ಗೆ ಆರು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಚಳಿಗಾಲ ಬಂದರೆ ಕುಟುಂಬ ಬೆಟ್ಟ ಇಳಿದು ಕಾಲಾಢುಂಗಿಗೆ ಬರುತ್ತಿತ್ತು. ಅಲ್ಲಿ ಮನೆಯ ಸುತ್ತಲೂ ಕಾಡು. ಹಕ್ಕಿಗಳ ಎಚ್ಚರಿಕೆಯ ಕೂಗು, ಧೂಳಿನ ಮೇಲಿನ ಹೆಜ್ಜೆ, ಮುರಿದ ಹುಲ್ಲು, ಇವನ್ನು ಓದುವುದನ್ನು ಅವರು ಹುಡುಗನಾಗಿದ್ದಾಗಲೇ ಕಲಿತರು.

ಅನೇಕರು ತಿಳಿದಂತೆ ಕಾರ್ಬೆಟ್ ವೃತ್ತಿಯಿಂದ ಬೇಟೆಗಾರರಲ್ಲ. ಅವರು ರೈಲ್ವೆಯ ಕೆಲಸಗಾರ. ಬಿಹಾರದ ಮೊಕಾಮಾ ಘಾಟ್‌ನಲ್ಲಿ ಗಂಗಾ ನದಿ ದಾಟಿಸುವ ಸರಕನ್ನು ಇಳಿಸಿ ಏರಿಸುವ ಗುತ್ತಿಗೆಯನ್ನು ಸುಮಾರು ಎರಡು ದಶಕ ನಡೆಸಿದರು. ನರಭಕ್ಷಕಗಳ ಬೆನ್ನು ಹತ್ತಿದ್ದು ರಜೆ ಸಿಕ್ಕಾಗ.

1907ರಲ್ಲಿ ಚಂಪಾವತದ ಹೆಣ್ಣು ಹುಲಿಯನ್ನು ಕೊಲ್ಲಲು ಸರ್ಕಾರ ಅವರನ್ನು ಕೇಳಿದಾಗ ಅವರು ಷರತ್ತು ಹಾಕಿದರು: ಘೋಷಿಸಿದ ಬಹುಮಾನ ರದ್ದಾಗಬೇಕು, ಬೇರೆ ಶಿಕಾರಿಗಳು ಕಾಡು ಬಿಟ್ಟು ಹೊರಡಬೇಕು. ಬಹುಮಾನಕ್ಕಾಗಿ ಬೇಟೆಯಾಡುವವ ಎನಿಸಿಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ. ಇನ್ನೊಬ್ಬರ ಗುಂಡು ತಪ್ಪಿ ತಮಗೇ ತಗಲುವ ಭಯವೂ ಇತ್ತು.

ಒಮ್ಮೆ ರಕ್ತದ ರುಚಿ ಹತ್ತಿದರೆ ಬಿಡುವುದಿಲ್ಲವೇ?

ಮನುಷ್ಯರ ರಕ್ತದ ರುಚಿ ಕಂಡ ಹುಲಿ ಬೇರೇನನ್ನೂ ತಿನ್ನುವುದಿಲ್ಲ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಕಾರ್ಬೆಟ್ ಕಂಡದ್ದು ಬೇರೆ. ಸತ್ತ ಪ್ರಾಣಿಯ ದೇಹವನ್ನು ಅವರು ಗಮನವಿಟ್ಟು ಪರೀಕ್ಷಿಸುತ್ತಿದ್ದರು. 436 ಜನರನ್ನು ಕೊಂದಿದೆ ಎನ್ನಲಾದ ಚಂಪಾವತದ ಹುಲಿಯ ಬಲಭಾಗದ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಮುಕ್ತೇಶ್ವರದ ಹುಲಿ ಮುಳ್ಳುಹಂದಿಯ ಜೊತೆ ಕಾದಾಡಿ ಒಂದು ಕಣ್ಣು ಕಳೆದುಕೊಂಡಿತ್ತು, ಮುಂದಿನ ಬಲಗಾಲಿಗೆ ಮುಳ್ಳು ಚುಚ್ಚಿಸಿಕೊಂಡಿತ್ತು. ಸಹಜ ಬೇಟೆ ಆಡಲಾಗದ ಗಾಯ ಅಥವಾ ಮುಪ್ಪು, ಬಹುಪಾಲು ಕಾರಣ ಇದೇ ಎಂದು ಅವರು ತೀರ್ಮಾನಿಸಿದರು.

ಅಂದರೆ ಕಾಡಿನಲ್ಲಿರುವ ಹುಲಿಗಳೆಲ್ಲ ಅಪರಾಧಿಗಳಲ್ಲ. ಎಲ್ಲೋ ಒಂದು ಮಾತ್ರ. ಆ ಒಂದು ಯಾವುದು ಎಂದು ತಿಳಿಯದೆ ಗುಂಡು ಹಾರಿಸಿದರೆ ಏನಾಗುತ್ತದೆ?

ಒಂದು ತಪ್ಪು, ಹದಿನೈದು ಜೀವ

ಇದಕ್ಕೆ ಉತ್ತರ ಚೌಗಢದಲ್ಲಿದೆ. ಅಲ್ಲಿ ಒಂದು ಮುದಿ ಹೆಣ್ಣು ಹುಲಿ ತನ್ನ ಬೆಳೆದ ಮರಿಯ ಜೊತೆ ಹಳ್ಳಿಗಳನ್ನು ಕಾಡುತ್ತಿತ್ತು. ಇರುವುದು ಎರಡು ಎಂದು ಹೆಜ್ಜೆಗಳು ಕಾರ್ಬೆಟ್ ಅವರಿಗೆ ಹೇಳಿದ್ದವು. 1929ರಲ್ಲಿ ಎರಡೂ ಒಟ್ಟಿಗೇ ಕಣ್ಣಿಗೆ ಬಿದ್ದವು. ತಾಯಿ ಯಾವುದು? ಮೈಬಣ್ಣ ನೋಡಿ, ಮಾಸಲು ಬಣ್ಣದ್ದೇ ವಯಸ್ಸಾದದ್ದು ಎಂದು ಅಂದಾಜು ಮಾಡಿ ಗುಂಡು ಹಾರಿಸಿದರು. ಬಿದ್ದದ್ದು ಮರಿ.

ತಾಯಿ ತಪ್ಪಿಸಿಕೊಂಡಿತು. ಮುಂದಿನ ಹನ್ನೆರಡು ತಿಂಗಳಲ್ಲಿ ಆ ಸೀಮೆಯಲ್ಲಿ ಇನ್ನೂ ಹದಿನೈದು ಜನ ಸತ್ತರು. ಆ ಸಾವುಗಳನ್ನು ಕಾರ್ಬೆಟ್ ತಮ್ಮ ತಪ್ಪಿನ ಲೆಕ್ಕಕ್ಕೇ ಬರೆದುಕೊಂಡರು, ಪುಸ್ತಕದಲ್ಲೂ ಮುಚ್ಚಿಡಲಿಲ್ಲ. ತಾಯಿ ಹುಲಿ ಸಿಕ್ಕಿದ್ದು 1930ರ ಏಪ್ರಿಲ್‌ನಲ್ಲಿ. ಜೀವನವಿಡೀ ಕಾಡು ಓದಿದವರಿಗೇ ಹೀಗಾಗುವುದಾದರೆ, ಮಸುಕಾದ ಒಂದು ಫೋಟೋ ನೋಡಿ ನಾವು ಎಷ್ಟು ಖಚಿತವಾಗಿ ಹೇಳಬಹುದು?

ರುದ್ರಪ್ರಯಾಗ: ಎಂಟು ವರ್ಷದ ಗೊಂದಲ

ಪೂರ್ಣಚಂದ್ರ ತೇಜಸ್ವಿಯವರ ಕನ್ನಡ ರೂಪದ ಮೂಲಕ ನಮ್ಮಲ್ಲಿ ಬಹಳ ಜನರಿಗೆ ರುದ್ರಪ್ರಯಾಗದ ಚಿರತೆ ಗೊತ್ತು. 1918ರಿಂದ 1926ರವರೆಗೆ ಗಢ್ವಾಲದಲ್ಲಿ ಅದು ಕೊಂದವರು ಸರ್ಕಾರಿ ಲೆಕ್ಕದಲ್ಲಿ 125 ಜನ. ಕೇದಾರ, ಬದರಿಯ ಯಾತ್ರಿಕರು ನಡೆಯುವ ದಾರಿ ಅದು. ಕತ್ತಲಾದರೆ ಬಾಗಿಲು ಹಾಕಿಕೊಂಡ ಊರುಗಳಲ್ಲಿ ಯಾರೂ ಹೊರಗೆ ಕಾಲಿಡುತ್ತಿರಲಿಲ್ಲ.

ಚಿರತೆ ಇಷ್ಟು ವರ್ಷ ಉಳಿದದ್ದು ಅದರ ಜಾಣತನದಿಂದ ಮಾತ್ರವಲ್ಲ, ಜನರ ತಪ್ಪು ತೀರ್ಮಾನಗಳಿಂದಲೂ. 1921ರಲ್ಲಿ ಅದು ಒಂದು ಗುಹೆ ಹೊಕ್ಕಿತು. ಜನ ಬಾಯಿಗೆ ಮುಳ್ಳು ಜಡಿದು ದಿನಗಟ್ಟಲೆ ಕಾದರು. ಸದ್ದೇ ಇಲ್ಲ. ಕೊನೆಗೆ ಗಣ್ಯರೊಬ್ಬರು ಬಂದು, ಒಳಗೆ ಚಿರತೆಯೇ ಇಲ್ಲ ಎಂದು ಸಾರಿ ಮುಳ್ಳು ತೆಗೆಸಿದರು. ಚಿರತೆ ಗುಂಪಿನ ನಡುವಿನಿಂದಲೇ ಹಾರಿ ಹೋಯಿತು.

ಇನ್ನೊಮ್ಮೆ ಕಬ್ಬಿಣದ ಹಲ್ಲಿನ ಬೋನಿಗೆ ಒಂದು ಚಿರತೆ ಸಿಕ್ಕಿತು. ಅದನ್ನು ಗುಂಡಿಕ್ಕಿ ಕೊಂದದ್ದೇ ತಡ, ಪೀಡೆ ತೊಲಗಿತೆಂದು ಊರಿಗೆ ಊರೇ ಕುಣಿಯಿತು. ಕಾರ್ಬೆಟ್ ಅವರಿಗೆ ಮಾತ್ರ ಅನುಮಾನ. ಅವರು ಹಿಂಬಾಲಿಸುತ್ತಿದ್ದ ಹೆಜ್ಜೆಗಳು ಪ್ರಾಯ ಮೀರಿದ, ಅಸಾಮಾನ್ಯ ದೊಡ್ಡ ಗಂಡು ಚಿರತೆಯವು. ಎಚ್ಚರ ತಪ್ಪಬೇಡಿ ಎಂಬ ಅವರ ಮಾತನ್ನು ಆ ಸಂಭ್ರಮದಲ್ಲಿ ಯಾರೂ ಕೇಳಲಿಲ್ಲ. ಹೆಚ್ಚು ಹೊತ್ತಾಗಲಿಲ್ಲ, ನದಿಯ ಆಚೆ ದಡದಿಂದ ಇನ್ನೊಂದು ಸಾವಿನ ಸುದ್ದಿ ಬಂತು.

ತಪ್ಪು ಗುರುತಿನ ಅಪಾಯ ಪ್ರಾಣಿಗಳಿಗಷ್ಟೇ ಇರಲಿಲ್ಲ. ರಾತ್ರಿ ಚಿರತೆಯಾಗಿ ಬರುವುದು ಒಬ್ಬ ಸಾಧು ಎಂಬ ಗುಲ್ಲು ಗಢ್ವಾಲದಲ್ಲಿ ಹರಡಿ, ಗುಂಪೊಂದು ಸಾಧುವನ್ನು ಹಿಡಿದು ಕೊಲ್ಲಲು ಹೊರಟ ಘಟನೆಯನ್ನು ಕಾರ್ಬೆಟ್ ದಾಖಲಿಸಿದ್ದಾರೆ. ಅಧಿಕಾರಿಯೊಬ್ಬರು ಉಪಾಯ ಮಾಡಿದರು. ಸಾಧುವನ್ನು ಹಗಲು ರಾತ್ರಿ ಕಾವಲಿನಲ್ಲಿಟ್ಟರು. ಅವನು ಕಾವಲಿನಲ್ಲಿರುವಾಗಲೇ ಬೇರೆ ಕಡೆ ಒಬ್ಬರ ಸಾವಾಯಿತು. ಸಾಧು ಬದುಕಿಕೊಂಡ. ಇದು ಬರೀ ಹಳೆಯ ಕಾಲದ ಕಥೆ ಎಂದುಕೊಳ್ಳಬೇಡಿ. 2018ರಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅವನಿಗೆ ಕಾವಲಿನ ಅವಕಾಶ ಸಿಗಲಿಲ್ಲ.

ಕತ್ತಲಲ್ಲಿ ಮೇಕೆಯ ಗಂಟೆ

ಕೊನೆಗೆ ಗೋಲಾಬ್ರಾಯಿ ಎಂಬಲ್ಲಿ ಯಾತ್ರಿಕರ ದಾರಿಯ ಪಕ್ಕದ ಮಾವಿನ ಮರ ಹತ್ತಿ ಕಾರ್ಬೆಟ್ ಕಾದು ಕುಳಿತರು. ಕೆಳಗೆ ಆಮಿಷಕ್ಕೆ ಮೇಕೆ, ಅದರ ಕೊರಳಲ್ಲಿ ಗಂಟೆ. ಹತ್ತು ರಾತ್ರಿ ಏನೂ ಆಗಲಿಲ್ಲ. ಹನ್ನೊಂದನೆಯ ರಾತ್ರಿ ನಾಯಿ ಬೊಗಳಿತು, ಆಮೇಲೆ ಗಂಟೆ ಅಲುಗಿತು. ಟಾರ್ಚ್ ಹೊತ್ತಿತು, ಒಂದೇ ಗುಂಡು, ಟಾರ್ಚ್ ಆರಿಹೋಯಿತು. 1926ರ ಮೇ 2ರ ಬೆಳಕು ಹರಿಯುವವರೆಗೆ ಅವರು ಮರದಲ್ಲೇ ಇದ್ದರು.

ಕೆಳಗೆ ಸತ್ತು ಬಿದ್ದಿದ್ದ ಚಿರತೆ ಅದೇ ಎಂದು ಹೇಗೆ ಗೊತ್ತಾಯಿತು? ದೊಡ್ಡ ಮುದಿ ಗಂಡು, ಸವೆದ ಹಲ್ಲು, ಮುರಿದ ಕೋರೆ. ಎಲ್ಲಕ್ಕಿಂತ ಮುಖ್ಯವಾಗಿ ಹಿಂದಿನ ಎಡಗಾಲಿನ ಅಂಗಾಲಲ್ಲಿ ಹಳೆಯ ಗುಂಡಿನ ಗಾಯ, ಒಂದು ಬೆರಳಿನ ತುಂಡೂ ಉಗುರೂ ಇಲ್ಲ. ಐದು ವರ್ಷದ ಹಿಂದೆ ರುದ್ರಪ್ರಯಾಗದ ತೂಗುಸೇತುವೆಯ ಮೇಲೆ ಇಬ್ಬರು ಅಧಿಕಾರಿಗಳು ಈ ಚಿರತೆಗೆ ಗುಂಡು ಹಾರಿಸಿದ್ದರು. ಆ ಗುಂಡಿನ ಗುರುತು ಇದು ಎಂದು ಕಾರ್ಬೆಟ್ ಕಂಡುಕೊಂಡರು. ದೆವ್ವವೂ ಅಲ್ಲ, ಸಾಧುವೂ ಅಲ್ಲ, ವಯಸ್ಸಾದ ಒಂದು ಚಿರತೆ.

ಹೆಜ್ಜೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

- ಹುಲಿ, ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತವೆ. ಹಾಗಾಗಿ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರು ಮೂಡುವುದಿಲ್ಲ. ನಾಯಿಯದರಲ್ಲಿ ಮೂಡುತ್ತದೆ. ಚಿರತೆಯ ಹೆಜ್ಜೆ ಎಂದು ಬರುವ ಫೋಟೋದಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.
- ಕತ್ತೆಕಿರುಬದ ಹೆಜ್ಜೆಯಲ್ಲೂ ಉಗುರು ಕಾಣುತ್ತದೆ. ಮುಂದಿನ ಪಾದ ಹಿಂದಿನದಕ್ಕಿಂತ ದೊಡ್ಡದು.
- ಕರಡಿಗೆ ಐದು ಬೆರಳು, ಅವುಗಳ ಮುಂದೆ ಉದ್ದ ಉಗುರಿನ ಗುರುತು. ಹಿಂಗಾಲಿನ ಹೆಜ್ಜೆ ಮನುಷ್ಯರ ಬರಿಗಾಲನ್ನು ಹೋಲುತ್ತದೆ.
- ಒದ್ದೆ ಮಣ್ಣಿನಲ್ಲಿ ಹೆಜ್ಜೆ ಹಿಗ್ಗುತ್ತದೆ. ಗಾತ್ರ ನೋಡಿಯೇ ದೊಡ್ಡ ಹುಲಿ ಎನ್ನುವುದು ತಪ್ಪು.
- ಸತ್ತ ಪ್ರಾಣಿಯ ಹತ್ತಿರ ಇರುವ ಹೆಜ್ಜೆಯೆಲ್ಲ ಕೊಂದ ಪ್ರಾಣಿಯದೇ ಆಗಬೇಕಿಲ್ಲ. ವಾಸನೆ ಹಿಡಿದು ನಾಯಿ, ನರಿ, ಹಂದಿಯೂ ಬರುತ್ತವೆ.

ಬಂದೂಕಿನಿಂದ ಕ್ಯಾಮೆರಾಗೆ

ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಕಾಡುದಾರಿಗೆ ತಂತಿ ಕಟ್ಟಿ, ಹುಲಿ ಅದನ್ನು ತಾಗಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಇಡುತ್ತಿದ್ದರು. ಅವರ ಚಿತ್ರಗಳು ಕಾರ್ಬೆಟ್ ಅವರನ್ನು ಕ್ಯಾಮೆರಾದ ಕಡೆ ಎಳೆದವು. ಮುಂದೆ ಕಾರ್ಬೆಟ್ ಹುಲಿಗಳನ್ನು ಸಿನಿಮಾ ಕ್ಯಾಮೆರಾದಲ್ಲಿ ಹಿಡಿದರು, ಕಾಡು ಉಳಿಸುವ ಮಾತು ಆಡಿದರು. 1936ರಲ್ಲಿ ಸ್ಥಾಪನೆಯಾದ ಹೇಲಿ ರಾಷ್ಟ್ರೀಯ ಉದ್ಯಾನದ ಹಿಂದೆ ಅವರ ಶ್ರಮವೂ ಇತ್ತು. 1947ರಲ್ಲಿ ಅಕ್ಕ ಮ್ಯಾಗಿಯ ಜೊತೆ ಕೀನ್ಯಾಕ್ಕೆ ಹೋದರು. 1955ರ ಏಪ್ರಿಲ್ 19ರಂದು ಅಲ್ಲಿನ ನೈಯೇರಿಯಲ್ಲಿ ತೀರಿಕೊಂಡರು. 1957ರಲ್ಲಿ ಉದ್ಯಾನಕ್ಕೆ ಅವರ ಹೆಸರಿಟ್ಟರು.

ಬರೀ ಹೆಜ್ಜೆ ನಂಬಿದರೆ ಏನಾಗುತ್ತದೆ ಎಂಬುದು ದೇಶಕ್ಕೆ ಇನ್ನೊಮ್ಮೆ ಗೊತ್ತಾದದ್ದು ರಾಜಸ್ಥಾನದ ಸರಿಸ್ಕಾದಲ್ಲಿ. ಹೆಜ್ಜೆ ಗಣತಿಯ ಕಾಗದದಲ್ಲಿ ಹುಲಿಗಳಿದ್ದವು, 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ. ಈಗ ಕ್ಯಾಮೆರಾ ಟ್ರ್ಯಾಪ್ ಬಂದಿದೆ. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ಇದನ್ನು ಬಳಸಿದರು. ಹುಲಿಯ ಪಟ್ಟೆ, ಚಿರತೆಯ ಚುಕ್ಕೆ ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ, ನಮ್ಮ ಬೆರಳಚ್ಚಿನ ಹಾಗೆ.

ಹಾಗಾದರೆ ನಾವೇನು ಮಾಡಬೇಕು?

ಅನುಮಾನದ ಹೆಜ್ಜೆ ಕಂಡರೆ ತುಳಿಯಬೇಡಿ. ಪಕ್ಕದಲ್ಲಿ ಒಂದು ಪೆನ್ ಅಥವಾ ಸ್ಕೇಲ್ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಿರಿ. ಜಾಗ, ದಿನ, ಸಮಯ ಬರೆದುಕೊಳ್ಳಿ. ಅದನ್ನು ಮೊದಲು ಅರಣ್ಯ ಇಲಾಖೆಗೆ ಕಳುಹಿಸಿ, ಗ್ರೂಪಿಗಲ್ಲ. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೋನಿಗೆ ಒಂದು ಚಿರತೆ ಬಿದ್ದಿದೆ, ಇನ್ನು ಭಯವಿಲ್ಲ ಎಂಬ ಸಂದೇಶ ಬಂದರೂ ಇಲಾಖೆ ಹೇಳುವವರೆಗೆ ಮಕ್ಕಳನ್ನು, ದನಕರುಗಳನ್ನು ಕತ್ತಲಲ್ಲಿ ಒಂಟಿಯಾಗಿ ಬಿಡಬೇಡಿ. ಸಿಕ್ಕಿದ್ದು ಅದೇ ಚಿರತೆ ಎಂದು ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ ಎಂದು ಕೇಳಿ.